ಬೇಸಿಗೆಯ ಸಂಶೋಧನೆಯೂ ಮಕ್ಕಳ ಮನಸ್ಸೂ

ಬೇಸಿಗೆಯ ರಜವೆಂದರೆ ಅಜ್ಜನ ಮನೆ, ಮಾವಿನ ತೋಪು, ಮಾಳಿಗೆಯ ಮೇಲೆ ಒಣಗುವ ಹಪ್ಪಳ ಸಂಡಿಗೆ, ಮದುವೆಮನೆಗಳ ಗದ್ದಲ ಎಂದು ತಿಳಿದು ಬೆಳೆದವರು ನಾವು. ಈಗಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ಭಾಗ್ಯವಿಲ್ಲ. ವಿಜ್ಞಾನವನ್ನೋ ಇಂಜಿನಿಯರಿಂಗನ್ನೋ ಓದುತ್ತಿರುವ ಚುರುಕಾದ ಹುಡುಗ ಹುಡುಗಿಯರು ಪರೀಕ್ಷೆ ಮುಗಿದ ಮರುದಿನವೇ ಪೆಟ್ಟಿಗೆ ಕಟ್ಟಿಕೊಂಡು, ಊರು ಬಿಟ್ಟು, ಯಾವುದಾದರೊಂದು ದೊಡ್ಡ ಪ್ರಯೋಗಶಾಲೆಯಲ್ಲಿ ಎರಡು ತಿಂಗಳ ಕಾಲ ಸಂಶೋಧನೆಯ ಕೆಲಸವನ್ನು ಕಲಿಯಲು ಹೊರಡುತ್ತಾರೆ. ಆಯ್ಕೆಯಾದ ಪತ್ರವು ಬಂದ ದಿನ ಮನೆಯಲ್ಲಿ ಪಾಯಸ; ಬಂಧುಬಳಗಕ್ಕೆಲ್ಲ ಸುದ್ದಿ. ಇದು ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ಪಾಯಸವನ್ನುಂಡು ಹೋದ ಆ ಮಕ್ಕಳು ಅಲ್ಲಿ ಹೇಗಿರುತ್ತಾರೆ, ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಗೃಹಸ್ಥರಾದ ನಾವು ವಿಚಾರಿಸುವುದು ಕಡಮೆ. ನಾವೇ ವಿಚಾರಿಸದೆ ಇದ್ದು, ತಡವಾಗಿ ಕಣ್ಣು ತೆರೆದವರಾದುದರಿಂದ, ಈ ವಿಷಯವಾಗಿ ವಾಚಕರಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇವೆ.

ಮೊದಲು ಈ ಏರ್ಪಾಡಿನ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಸರ್ ಸಿ. ವಿ. ರಾಮನ್ನರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು, ದೆಹಲಿ ಮತ್ತು ಪ್ರಯಾಗರಾಜಗಳಲ್ಲಿರುವ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ಕೂಡಿ, ದೇಶದ ನಾನಾ ಕಾಲೇಜುಗಳಿಂದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಆರಿಸಿ, ಬೇಸಿಗೆಯಲ್ಲಿ ಸುಮಾರು ಎಂಟು ವಾರಗಳ ಕಾಲ ಒಬ್ಬ ವಿಜ್ಞಾನಿಯ ಬಳಿ ಕೆಲಸಮಾಡಲು ವೇತನ ಕೊಟ್ಟು ಕಳುಹಿಸುತ್ತದೆ. ೧೯೮೯ರಲ್ಲಿ ಸ್ಥಾಪಿತವಾಗಿ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂತಹ ಎರಡು ತಿಂಗಳ ಶಿಷ್ಯವೃತ್ತಿಯನ್ನು ಕೊಡುತ್ತದೆ. ಐ.ಐ.ಟಿ.ಗಳೇ ಮೊದಲಾದ ಇತರ ಸಂಸ್ಥೆಗಳಲ್ಲಿಯೂ ಈ ಪದ್ಧತಿಯುಂಟು. ಅಮೆರಿಕ ದೇಶದಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ೧೯೮೭ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂದಿದೆ. ಪುಸ್ತಕದಲ್ಲಿ ಓದಿದ ವಿಜ್ಞಾನವನ್ನು ಕೈಯಿಂದ ಮಾಡಿ ನೋಡಲಿ, ಮುಂದೆ ಸಂಶೋಧನೆಯಲ್ಲಿಯೇ ಬಾಳನ್ನು ಕಳೆಯಬಲ್ಲೆವೇ ಎಂಬುದನ್ನು ಮಕ್ಕಳು ತಾವೇ ಅರಿತುಕೊಳ್ಳಲಿ ಎಂಬುದು ಇದರ ಉದ್ದೇಶ. ಉದ್ದೇಶವು ಶ್ಲಾಘ್ಯವಾದುದು. ಸಣ್ಣ ಊರಿನ ಕಾಲೇಜಿನಲ್ಲಿ ಕಾಣಸಿಗದ ಯಂತ್ರೋಪಕರಣಗಳನ್ನೂ ಪಂಡಿತರನ್ನೂ ಅಲ್ಲಿ ಕಂಡು, ಬಾಳಿನ ದಾರಿಯನ್ನೇ ಕಂಡುಕೊಂಡವರು ಎಷ್ಟೋ ಜನರಿದ್ದಾರೆ.

ನಮ್ಮ ಅಣ್ಣನವರು ಮಲೆನಾಡಿನ ಒಂದು ಊರಿನಲ್ಲಿ ಪ್ರೌಢಶಾಲೆಯ ಉಪಾಧ್ಯಾಯರು. ಅವರ ಮಗಳು ಬಿ.ಎಸ್ಸಿ. ಎರಡನೆಯ ವರ್ಷವನ್ನು ಮುಗಿಸಿದಾಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಹೀಗೆಯೇ ಬೇಸಿಗೆಯ ಸಂಶೋಧನೆಗೆ ಆಯ್ಕೆಯಾದಳು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು; ಜಿಲ್ಲೆಗೆ ಮೊದಲಿಗಳೆನಿಸಿಕೊಂಡವಳು; ಸಂಕೋಚ ಸ್ವಭಾವದವಳು. ವಸತಿಗೃಹದಲ್ಲಿ ಅವಳನ್ನು ಬಿಟ್ಟು ಬರುವಾಗ ಅಣ್ಣನವರು ನಮ್ಮೊಡನೆ, "ನೀನು ಇದೇ ಊರಲ್ಲಿದ್ದೀಯಲ್ಲ, ನನಗೆ ಚಿಂತೆಯಿಲ್ಲ" ಎಂದರು. ನಾವೂ ಚಿಂತೆಯಿಲ್ಲವೆಂದೇ ತಿಳಿದೆವು. ಮಲ್ಲೇಶ್ವರದಿಂದ ಆ ಸಂಸ್ಥೆಗೆ ಒಂದು ಗಂಟೆಯ ದಾರಿ. ಆದರೂ ನಾಲ್ಕು ವಾರಗಳವರೆಗೆ ನಾವು ಅತ್ತ ಕಾಲಿಡಲಿಲ್ಲ. ಸಿಕ್ಕಿದವರೊಡನೆ, "ನಮ್ಮ ಹುಡುಗಿ ದೊಡ್ಡ ವಿಜ್ಞಾನಿಗಳ ಜೊತೆ ಕೆಲಸ ಮಾಡುತ್ತಿದ್ದಾಳೆ" ಎಂದು ಹೇಳಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವಳಿಗೆ ಕೊಟ್ಟ ಕೆಲಸವು ಹೀಗಿತ್ತು. ಜೀವಕೋಶದಿಂದ ತೆಗೆದ ಡಿ.ಎನ್.ಎ.ಯ ಒಂದು ಚಿಕ್ಕ ಭಾಗವನ್ನು ಪಿ.ಸಿ.ಆರ್. ಎಂಬ ಕ್ರಮದಿಂದ ಯಂತ್ರದಲ್ಲಿಟ್ಟು ಲಕ್ಷಾಂತರ ಪ್ರತಿಗಳಾಗುವಂತೆ ಮಾಡಬೇಕು. ಬಳಿಕ ಅದನ್ನು ಜೆಲ್ ಎಂಬ ಲೋಳೆಯಂತಹ ಹಾಳೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಸಾಗಿಸಬೇಕು. ಕೆಲಸವು ಕೈಗೂಡಿದ್ದರೆ ದೀಪದ ಕೆಳಗೆ ಒಂದು ಹೊಳೆಯುವ ಗೆರೆ ಕಾಣುವುದು. ಕೈಗೂಡದಿದ್ದರೆ ಏನೂ ಕಾಣದು. ಹೇಳುವುದಕ್ಕೆ ಇಷ್ಟೆ. ಆದರೆ ಉಷ್ಣತೆಯಲ್ಲಿ ಎರಡು ಡಿಗ್ರಿಯ ವ್ಯತ್ಯಾಸವಾದರೂ, ಮಂಜುಗಡ್ಡೆಯ ಮೇಲಿರಬೇಕಾದ ದ್ರವವು ಹೊರಗೆ ಉಳಿದರೂ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯೊಂದು ತಪ್ಪಿದರೂ ಇಡೀ ದಿನದ ಶ್ರಮ ವ್ಯರ್ಥ. ತಪ್ಪು ಎಲ್ಲಿ ಆಯಿತೆಂದು ಯಂತ್ರವು ಹೇಳುವುದಿಲ್ಲ. ಮೊದಲ ವಾರ ಕಲಿಯುವುದರಲ್ಲಿ ಕಳೆಯಿತು. ಎರಡನೆಯ ವಾರ ಗೆರೆ ಕಾಣಲಿಲ್ಲ; ಮೂರನೆಯ ವಾರವೂ ಇಲ್ಲ; ನಾಲ್ಕನೆಯ ವಾರವೂ ಇಲ್ಲ. ಪ್ರತಿ ಸಂಜೆ ಊರಿನಿಂದ ಅಣ್ಣನವರು ಮೊಬೈಲಿನಲ್ಲಿ ಅಕ್ಕರೆಯಿಂದ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವತ್ತು ಏನು ಕಂಡುಹಿಡಿದೆ ಮಗಳೇ?"

ಐದನೆಯ ವಾರದ ಆದಿಯಲ್ಲಿ ಅವಳು ಮೊಬೈಲನ್ನು ಎತ್ತುವುದನ್ನೇ ನಿಲ್ಲಿಸಿದಳು. ಆಗ ನಮ್ಮ ಗೃಹಿಣಿಯು ಊಟದ ಡಬ್ಬಿಯನ್ನು ಕಟ್ಟಿಕೊಂಡು ವಸತಿಗೃಹಕ್ಕೆ ಹೋಗಿ ನೋಡಲಾಗಿ, ಹುಡುಗಿಯು ಮೂರು ದಿನಗಳಿಂದ ಪ್ರಯೋಗಶಾಲೆಗೆ ಹೋಗದೆ ಕೊಠಡಿಯಲ್ಲಿಯೇ ಮಲಗಿದ್ದಳು. ಕಣ್ಣುಗಳು ಗುಳಿಬಿದ್ದಿದ್ದವು. ರಾತ್ರಿ ನಿದ್ರೆಯಿಲ್ಲ, ಹಗಲು ಹಸಿವಿಲ್ಲ. ಬಹಳ ಹೊತ್ತು ಮಾತಾಡದೆ ಇದ್ದವಳು ಕೊನೆಗೆ, "ಚಿಕ್ಕಮ್ಮ, ನನ್ನಿಂದ ಅವರಿಗೆ ದಂಡ. ನನ್ನನ್ನು ತಪ್ಪಿ ಆರಿಸಿದ್ದಾರೆ. ಅಪ್ಪನಿಗೆ ಏನೂಂತ ಹೇಳಲಿ?" ಎಂದು ಅತ್ತಳಂತೆ. ಗೃಹಿಣಿಯು ಮನೆಗೆ ಬಂದು ಇದನ್ನು ಹೇಳಿದಾಗ ನಮಗಾದ ನಾಚಿಕೆಯನ್ನು ಇಲ್ಲಿ ಬಣ್ಣಿಸುವ ಅವಶ್ಯಕತೆಯಿಲ್ಲ.

ಹೀಗೇಕೆ ಆಗುವುದೆಂದು ವಿಚಾರಮಾಡಿದರೆ ಮೊಟ್ಟಮೊದಲನೆಯ ಕಾರಣವು ನಮ್ಮ ವಿದ್ಯಾಭ್ಯಾಸದ ಕ್ರಮದಲ್ಲಿಯೇ ತೋರಿಬರುವುದು. ಶಾಲೆ ಕಾಲೇಜುಗಳಲ್ಲಿ ಪ್ರಶ್ನೆಗೆ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ. ಓದಿದವನಿಗೆ ಅಂಕ ಬರುತ್ತದೆ, ಓದದವನಿಗೆ ಬರುವುದಿಲ್ಲ. ಶ್ರಮಕ್ಕೂ ಫಲಕ್ಕೂ ನೇರವಾದ ಸಂಬಂಧವುಂಟು. ಹದಿನೈದು ವರ್ಷಗಳ ಕಾಲ ಈ ನ್ಯಾಯದಲ್ಲಿ ಬೆಳೆದ ಹುಡುಗನು ಸಂಶೋಧನೆಗೆ ಹೋದಾಗ ಬೇರೆಯೇ ಒಂದು ನ್ಯಾಯವನ್ನು ಕಾಣುತ್ತಾನೆ. ಅಲ್ಲಿ ಉತ್ತರವು ಗುರುವಿಗೂ ಗೊತ್ತಿಲ್ಲ. ಗೊತ್ತಿದ್ದರೆ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಅಲ್ಲಿ ಕೆಡುವುದೇ ನಿತ್ಯದ ವ್ಯವಹಾರ, ಕೈಗೂಡುವುದು ಅಪರೂಪ. ಅನುಭವಸ್ಥರಾದ ವಿಜ್ಞಾನಿಗಳಿಗೆ ಇದು ಗೊತ್ತು. ಆದುದರಿಂದ ಪ್ರಯೋಗವು ಕೆಟ್ಟರೆ ಅವರು, "ಪ್ರಯೋಗ ಕೆಟ್ಟಿತು" ಎನ್ನುತ್ತಾರೆ. ಅಂಕಗಳಲ್ಲಿಯೇ ಬೆಳೆದ ಮಗುವಾದರೋ, "ನಾನು ಕೆಟ್ಟೆ" ಎನ್ನುತ್ತದೆ. ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ಮಕ್ಕಳ ನೆಮ್ಮದಿಯೆಲ್ಲ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಈ ಅಕಾಡೆಮಿಯನ್ನು ಸ್ಥಾಪಿಸಿದ ರಾಮನ್ನರ ಕೆಲಸವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ೧೯೨೧ರಲ್ಲಿ ಹಡಗಿನ ಪ್ರಯಾಣದಲ್ಲಿ ಸಮುದ್ರದ ನೀಲಿಯನ್ನು ಕಂಡು ಅವರಿಗೆ ಬೆಳಕಿನ ಚದರಿಕೆಯ ವಿಷಯದಲ್ಲಿ ಕುತೂಹಲ ಬಲಿಯಿತು. ೧೯೨೩ರಲ್ಲಿ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ನರು ದ್ರವಗಳಲ್ಲಿ ಬೆಳಕನ್ನು ಹಾಯಿಸಿ ನೋಡುತ್ತಿದ್ದಾಗ ನಿರೀಕ್ಷಿಸದೆ ಇದ್ದ ಒಂದು ಮಂದವಾದ ಬೆಳಕು ಕಾಣಿಸಿತು. ದ್ರವದಲ್ಲಿ ಕಶ್ಮಲವಿರಬಹುದೆಂದು ಭಾವಿಸಿ ಮತ್ತೆ ಮತ್ತೆ ಶುದ್ಧಿಮಾಡಿದರೂ ಅದು ಹೋಗಲಿಲ್ಲ. ಅಂದು ಅದು ಪ್ರಯೋಗದ ದೋಷದಂತೆ ಕಂಡಿತೇ ಹೊರತು ಯಾರೂ ಅದನ್ನು ಹೊಸ ಶೋಧನೆಯೆಂದು ಕೊಂಡಾಡಲಿಲ್ಲ. ೧೯೨೮ರ ಫೆಬ್ರವರಿ ೨೮ರಂದು ಆ ಮಂದವಾದ ಬೆಳಕಿನ ಮರ್ಮವು ಸ್ಪಷ್ಟವಾಯಿತು. ೧೯೩೦ರಲ್ಲಿ ರಾಮನ್ನರಿಗೆ ನೊಬೆಲ್ ಬಹುಮಾನ ಬಂದಿತು. ಮೊದಲ ಕುತೂಹಲದಿಂದ ಫಲದವರೆಗೆ ಏಳು ವರ್ಷ. ದೋಷದಂತೆ ಕಂಡುದು ಶೋಧನೆಯೆನಿಸಲು ಐದು ವರ್ಷ. ಹೀಗಿರಲು, ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಯೊಬ್ಬನು ಎಂಟು ವಾರಗಳಲ್ಲಿ ಏನನ್ನು ಕಂಡುಹಿಡಿದನೆಂದು ಲೆಕ್ಕ ಕೇಳುವುದು ಎಷ್ಟರ ಮಟ್ಟಿಗೆ ಸರಿ? ಬಿತ್ತಿದ ಮರುದಿನ ಮಣ್ಣನ್ನು ಕೆದಕಿ ಮೊಳಕೆಯನ್ನು ನೋಡಿದಂತೆಯೇ ಸರಿ.

ಎರಡನೆಯ ಕಾರಣವು ಹೋಲಿಕೆ. ತನ್ನ ಊರಿನಲ್ಲಿ ಮೊದಲಿಗನಾದವನು, ಊರೂರಿನ ಮೊದಲಿಗರೆಲ್ಲ ಸೇರಿದ ಕಡೆಗೆ ಬಂದಾಗ ತನ್ನನ್ನು ಕೊನೆಯವನೆಂದು ಎಣಿಸುತ್ತಾನೆ. ಪಕ್ಕದ ಮೇಜಿನವನು ನಿರರ್ಗಳವಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ವಾರದ ಸಭೆಯಲ್ಲಿ ಪ್ರಶ್ನೆ ಕೇಳುತ್ತಾನೆ. ಕನ್ನಡದಲ್ಲಿ ಓದಿ ಬಂದವನಿಗೆ ಪ್ರಶ್ನೆಯು ಮನಸ್ಸಿನಲ್ಲಿ ಎದ್ದರೂ ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಸಭೆಯು ಮುಂದಕ್ಕೆ ಹೋಗಿರುತ್ತದೆ. ಭಾಷೆಯ ತಡವನ್ನು ಬುದ್ಧಿಯ ಕೊರತೆಯೆಂದು ಅವನು ತಪ್ಪಾಗಿ ತಿಳಿಯುತ್ತಾನೆ. ಎಲ್ಲರೂ ಯೋಗ್ಯರು, ತಾನೊಬ್ಬನೇ ಹೇಗೋ ನುಸುಳಿಬಂದ ವೇಷಧಾರಿ, ಇಂದಲ್ಲ ನಾಳೆ ಸಿಕ್ಕಿಬೀಳುವೆನು ಎಂಬ ಅಂಜಿಕೆ ಹುಟ್ಟುತ್ತದೆ. ಇದು ನಮ್ಮ ಮಕ್ಕಳಿಗೆ ಮಾತ್ರ ಬರುವ ಅಂಜಿಕೆಯಲ್ಲ. ಪಾಲೀನ್ ಕ್ಲಾನ್ಸ್ ಮತ್ತು ಸುಜೇನ್ ಐಮ್ಸ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಹೆಸರು ಪಡೆದ ೧೫೦ಕ್ಕೂ ಮಿಕ್ಕ ಸ್ತ್ರೀಯರಲ್ಲಿ ಇದೇ ಭಾವನೆಯನ್ನು ಕಂಡು ೧೯೭೮ರಲ್ಲಿ ಬರೆದರು. ಪದವಿ, ಪ್ರಶಸ್ತಿ, ಹಿರಿಯರ ಮೆಚ್ಚಿಕೆ ಇವೆಲ್ಲ ಇದ್ದರೂ ತಾವು ನಿಜವಾಗಿ ಬುದ್ಧಿವಂತರಲ್ಲ, ಲೋಕವನ್ನು ಹೇಗೋ ವಂಚಿಸಿದ್ದೇವೆ ಎಂದು ಅವರು ನಂಬಿದ್ದರು. ಗೆದ್ದವರನ್ನೇ ಈ ಭಾವನೆಯು ಬಿಡದಿದ್ದಮೇಲೆ, ಈಗತಾನೆ ಕಲಿಯಲು ಬಂದ ಮಗುವನ್ನು ಬಿಟ್ಟೀತೆ?

ಮೂರನೆಯದು ಒಂಟಿತನ. ಬೇಸಿಗೆಯ ವಿದ್ಯಾರ್ಥಿಯು ಎರಡು ಮನೆಗಳ ನಡುವಿನ ಅತಿಥಿ. ಅವನ ಸ್ವಂತ ಕಾಲೇಜು ರಜಕ್ಕಾಗಿ ಬಾಗಿಲು ಹಾಕಿರುತ್ತದೆ; ಅಲ್ಲಿಯ ಅಧ್ಯಾಪಕರೂ ಸ್ನೇಹಿತರೂ ಊರುಗಳಿಗೆ ಹೋಗಿರುತ್ತಾರೆ. ಬಂದ ಸಂಸ್ಥೆಯಲ್ಲಿ ಅವನ ಹೆಸರು ಎರಡು ತಿಂಗಳ ಮಟ್ಟಿಗೆ ಮಾತ್ರ ಪಟ್ಟಿಯಲ್ಲಿರುತ್ತದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಸಲಹೆಗಾರರಿದ್ದರೂ, ತಾನೂ ಅವರ ಬಳಿ ಹೋಗಬಹುದೆಂಬುದು ಅವನಿಗೆ ತಿಳಿದಿರುವುದಿಲ್ಲ; ಹೇಳುವವರೂ ಇರುವುದಿಲ್ಲ. ಗುರುಗಳಾದ ವಿಜ್ಞಾನಿಗಳು ಪ್ರಯಾಣದಲ್ಲಿದ್ದರೆ ಅವನನ್ನು ನೋಡಿಕೊಳ್ಳುವ ಭಾರವು ಡಾಕ್ಟರೇಟ್ ವಿದ್ಯಾರ್ಥಿಯೊಬ್ಬನ ಮೇಲೆ ಬೀಳುವುದುಂಟು. ಆ ವಿದ್ಯಾರ್ಥಿಗೋ ತನ್ನದೇ ಚಿಂತೆಗಳು ಸಾಲದೆ ಇಲ್ಲ. ೨೦೧೮ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ೨೬ ದೇಶಗಳ ೨,೨೭೯ ಮಂದಿ ಸ್ನಾತಕೋತ್ತರ ಹಾಗೂ ಸಂಶೋಧನ ವಿದ್ಯಾರ್ಥಿಗಳನ್ನು ಪ್ರಶ್ನಿಸಲಾಗಿ, ನೂರಕ್ಕೆ ೪೧ ಜನರಲ್ಲಿ ಮಧ್ಯಮದಿಂದ ತೀವ್ರ ಪ್ರಮಾಣದ ಆತಂಕವೂ, ೩೯ ಜನರಲ್ಲಿ ಅದೇ ಪ್ರಮಾಣದ ಖಿನ್ನತೆಯೂ ಕಂಡುಬಂದುವು. ತಾವಾಗಿಯೇ ಮುಂದೆ ಬಂದು ಉತ್ತರ ಕೊಟ್ಟವರ ಲೆಕ್ಕವಿದು. ಇಡೀ ಸಮುದಾಯಕ್ಕೆ ಇದೇ ಪ್ರಮಾಣವನ್ನು ಹೇಳಲಾಗದು. ಬೇಸಿಗೆಯ ಎಳೆಯ ವಿದ್ಯಾರ್ಥಿಗಳ ಲೆಕ್ಕವೂ ಇದಲ್ಲ. ಆದರೂ ಸಂಶೋಧನೆಯ ಬಾಳಿನಲ್ಲಿ ಮನಸ್ಸಿಗೆ ಬೀಳುವ ಭಾರವು ಹಗುರವಾದುದಲ್ಲವೆಂಬುದು ಇದರಿಂದ ತಿಳಿದುಬರುವುದು. ಬೇಸಿಗೆಯ ವಿದ್ಯಾರ್ಥಿಯು ಆ ಬಾಳಿನ ಹೊಸ್ತಿಲನ್ನು ಮೆಟ್ಟಿದವನು.

ಇದಕ್ಕೆ ಶರೀರದ ಕ್ಲೇಶಗಳೂ ಸೇರುತ್ತವೆ. ತಡರಾತ್ರಿಯವರೆಗೆ ಪ್ರಯೋಗಶಾಲೆ, ಮೆಸ್ಸಿನ ಊಟದ ಹೊತ್ತು ಮೀರಿ ಬರೀ ಕಾಫಿ ಬಿಸ್ಕತ್ತು, ಪ್ರಾಯದವರಿಗೆ ಏಳು ಗಂಟೆಗೆ ಕಡಮೆಯಿಲ್ಲದೆ ಬೇಕಾದ ನಿದ್ರೆ ನಾಲ್ಕೈದು ಗಂಟೆಗೆ ಇಳಿಯುವುದು. ನಿದ್ರೆ ಕೆಟ್ಟರೆ ಮನಸ್ಸು ಕೆಡುತ್ತದೆ. ಮನಸ್ಸು ಕೆಟ್ಟರೆ ನಿದ್ರೆ ಮತ್ತಷ್ಟು ಕೆಡುತ್ತದೆ. ನಿದ್ರೆಯಿಲ್ಲದ ಕೈ ಹನಿಯನ್ನು ತಪ್ಪುತ್ತದೆ. ಪ್ರಯೋಗವು ಮತ್ತೆ ಕೆಡುತ್ತದೆ. ಕೆಟ್ಟಿತಲ್ಲಾ ಎಂದು ಇನ್ನೂ ಎರಡು ಗಂಟೆ ನಿದ್ರೆಗೆಡುವುದರಿಂದ ಈ ಚಕ್ರವು ಸುತ್ತುತ್ತಲೇ ಇರುವುದು.

ಇಷ್ಟು ಹೇಳಿದ ಮಾತ್ರಕ್ಕೆ ಸಪ್ಪಗಿರುವ ಪ್ರತಿಯೊಂದು ಮಗುವಿಗೂ ರೋಗವಿದೆಯೆಂದು ಯಾರೂ ಗಾಬರಿಗೊಳ್ಳಬಾರದು. ಹೊಸ ಊರಿನಲ್ಲಿ ಮೊದಲ ವಾರ ಮನೆಯ ನೆನಪಾಗುವುದು, ಪ್ರಯೋಗವು ಕೆಟ್ಟ ದಿನ ಬೇಸರವಾಗುವುದು, ಸಭೆಯಲ್ಲಿ ಮಾತಾಡಬೇಕಾದ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುವುದು, ಇವು ಆರೋಗ್ಯವಂತವಾದ ಮನಸ್ಸಿನ ಲಕ್ಷಣಗಳೇ. ಒಳ್ಳೆಯ ಊಟ, ನಿದ್ರೆ, ಗೆಳೆಯರ ಹರಟೆಗಳಿಂದ ಇವು ತಾವಾಗಿಯೇ ಕಳೆಯುತ್ತವೆ. ಆದರೆ ಬೇಸರವು ಎರಡು ವಾರಗಳವರೆಗೆ ಹೆಚ್ಚುಕಡಮೆ ಪ್ರತಿದಿನವೂ ಬಿಡದೆ ಇದ್ದರೆ. ಹಿಂದೆ ಪ್ರಿಯವಾಗಿದ್ದ ಹಾಡು, ಆಟ, ಓದು ಯಾವುದೂ ಬೇಡವೆನಿಸಿದರೆ. ನಿದ್ರೆ ಹಸಿವುಗಳು ಕೆಟ್ಟರೆ. ಸ್ನಾನ, ಬಟ್ಟೆಗಳ ಮೇಲೆ ಗಮನ ತಪ್ಪಿದರೆ. ಮನೆಯವರೊಡನೆ ಮಾತು ನಿಂತರೆ. "ನಾನು ಯಾತಕ್ಕೂ ಬಾರದವನು" ಎಂಬ ಮಾತು ಪದೇಪದೇ ಬಂದರೆ, ಅದನ್ನು ಸೋಮಾರಿತನವೆಂದೋ ಹಟವೆಂದೋ ಬಗೆಯದೆ ವೈದ್ಯರ ಸಲಹೆಯನ್ನು ಪಡೆಯಬೇಕು. "ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು" ಎಂಬ ಅರ್ಥದ ಮಾತೇನಾದರೂ ಬಾಯಿಂದ ಬಂದರೆ ಎರಡು ವಾರಗಳನ್ನು ಎಣಿಸುತ್ತ ಕೂರಬಾರದು. ಆ ಕ್ಷಣವೇ ಯಾರಾದರೊಬ್ಬರು ಜೊತೆಯಲ್ಲಿದ್ದು, ಅವರನ್ನು ಒಂಟಿಯಾಗಿ ಬಿಡದೆ, ಸಮೀಪದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂತಹ ಯೋಚನೆ ಬರುತ್ತಿದೆಯೇ ಎಂದು ಪ್ರೀತಿಯಿಂದ ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಭಾರವು ಹಗುರವಾಗುವುದು.

ಸಹಾಯವು ದೊರೆಯುವ ಸ್ಥಳಗಳು ನಮ್ಮ ನಾಡಿನಲ್ಲಿ ಇವೆ. ಕೇಂದ್ರ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ಸಹಾಯವು ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಸಂಖ್ಯೆ ೧೪೪೧೬. ಕನ್ನಡದಲ್ಲಿಯೇ ಮಾತಾಡಬಹುದು. ಮನೆಯವರೂ ಕರೆಮಾಡಿ ಸಲಹೆ ಕೇಳಬಹುದು. ಇದಕ್ಕೆ ಮಾರ್ಗದರ್ಶನಮಾಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಧಾರವಾಡದಲ್ಲಿಯೂ ಇದೇ ವಿಷಯಕ್ಕಾಗಿ ಮೀಸಲಾದ ಡಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಜಿಲ್ಲಾಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆಯು ಸಿಕ್ಕುತ್ತದೆ; ದೇಶಕ್ಕೆಲ್ಲ ಮಾದರಿಯಾದ ಈ ಕ್ರಮವನ್ನು ೧೯೮೦ರ ದಶಕದಲ್ಲಿ ಮೊದಲು ನಡೆಸಿ ತೋರಿಸಿದುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಎಂಬುದು ಹೆಮ್ಮೆಯ ವಿಷಯ. ಮನೋವೈದ್ಯರಲ್ಲಿಗೆ ಹೋದರೆ ಹೆಸರು ಕೆಡುವುದು, ಮುಂದೆ ಮದುವೆಗೋ ಉದ್ಯೋಗಕ್ಕೋ ಅಡ್ಡಿಯಾಗುವುದು ಎಂಬ ಹೆದರಿಕೆ ಇನ್ನೂ ಅನೇಕ ಮನೆಗಳಲ್ಲಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರೋಗಿಯ ವಿಷಯವನ್ನು ಗುಟ್ಟಾಗಿಡುವುದನ್ನು ಅವನ ಹಕ್ಕೆಂದೇ ವಿಧಿಸಿದೆ. ಜ್ವರಕ್ಕೆ ವೈದ್ಯರ ಬಳಿ ಹೋಗುವವರು ಮನಸ್ಸಿನ ಜ್ವರಕ್ಕೆ ಏಕೆ ಹಿಂಜರಿಯಬೇಕು?

ಸಂಸ್ಥೆಗಳವರ ಕರ್ತವ್ಯವೂ ಇದೆ. ೨೦೨೫ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ವಿಷಯವಾಗಿ ಹದಿನೈದು ನಿರ್ದೇಶಗಳನ್ನು ಕೊಟ್ಟು, ೧೦೦ ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಕಡಮೆಯೆಂದರೆ ಒಬ್ಬ ಅರ್ಹ ಸಲಹೆಗಾರರನ್ನಾದರೂ ಇಟ್ಟುಕೊಳ್ಳಬೇಕೆಂದು ಹೇಳಿತು. ಇದು ಸ್ವಾಗತಾರ್ಹ. ಆದರೆ ಎರಡು ತಿಂಗಳ ಅತಿಥಿಗಳಾದ ಬೇಸಿಗೆಯ ಮಕ್ಕಳು ಈ ಆಶ್ರಯದಿಂದ ಹೊರಗುಳಿಯಬಾರದು. ಅವರು ಬಂದ ಮೊದಲ ದಿನವೇ ಪ್ರಯೋಗಶಾಲೆಯ ಬೀಗದಕೈಯೊಡನೆ ಸಲಹೆಗಾರರ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಅವರ ಕೈಗೆ ಕೊಡಬೇಕು. ಗುರುಗಳು ವಾರಕ್ಕೊಮ್ಮೆ ಅರ್ಧ ಗಂಟೆಯನ್ನಾದರೂ ಆ ವಿದ್ಯಾರ್ಥಿಗೆ ಮೀಸಲಿಟ್ಟು, ಕೆಲಸವನ್ನಷ್ಟೇ ಅಲ್ಲದೆ ಕ್ಷೇಮವನ್ನೂ ವಿಚಾರಿಸಬೇಕು. ಮತ್ತು ತಮ್ಮ ಸೋಲುಗಳನ್ನು ಮುಚ್ಚಿಡದೆ ಹೇಳಬೇಕು.

ಈ ಕೊನೆಯ ಮಾತಿನ ಬೆಲೆಯನ್ನು ನಾವು ಕಣ್ಣಾರೆ ಕಂಡೆವು. ನಮ್ಮ ಹುಡುಗಿಯನ್ನು ಆ ಶನಿವಾರ ಮನೆಗೆ ಕರೆತಂದೆವು. ಎರಡು ದಿನ ಅವಳಿಗೆ ಯಾವ ಉಪದೇಶವನ್ನೂ ಮಾಡಲಿಲ್ಲ. ಅನ್ನ, ಸಾರು, ಮಜ್ಜಿಗೆ, ನಿದ್ರೆ, ಇಷ್ಟೆ. ಸೋಮವಾರ ಸಂಸ್ಥೆಯ ಸಲಹೆಗಾರರಲ್ಲಿಗೆ ನಾವೇ ಜೊತೆಯಲ್ಲಿ ಹೋದೆವು. ಅವಳು ಒಳಗೆ ಮಾತಾಡಿದುದೇನೆಂದು ನಾವು ಕೇಳಲಿಲ್ಲ. ಬಳಿಕ ಅವಳ ಗುರುಗಳಿಗೆ ವಿಷಯವು ತಿಳಿಯಿತು. ಅವರು ಬೈಯಲಿಲ್ಲ, ಸಮಾಧಾನದ ಮಾತುಗಳನ್ನೂ ಸುರಿಸಲಿಲ್ಲ. ಬೀರುವಿನಿಂದ ತಮ್ಮ ಹಳೆಯ ಪ್ರಯೋಗದ ಪುಸ್ತಕವೊಂದನ್ನು ತೆಗೆದು ಅವಳ ಮುಂದೆ ಇಟ್ಟರಂತೆ. ಪುಟದಮೇಲೆ ಪುಟ, "ಕೈಗೂಡಲಿಲ್ಲ", "ಮತ್ತೆ ಕೈಗೂಡಲಿಲ್ಲ", "ಕಾರಣ ತಿಳಿಯದು" ಎಂಬ ಬರೆಹ. "ಹನ್ನೊಂದು ತಿಂಗಳು ಹೀಗೆಯೇ ಬರೆದಿದ್ದೇನಮ್ಮ. ನೀನು ಒಂದು ತಿಂಗಳಿಗೇ ಅಳುತ್ತೀಯಲ್ಲ" ಎಂದು ನಕ್ಕರಂತೆ. ಹುಡುಗಿಯು ಅಂದು ಸಂಜೆ ಬಹಳ ದಿನಗಳಮೇಲೆ ಹೊಟ್ಟೆತುಂಬ ಊಟಮಾಡಿದಳು.

ಅಣ್ಣನವರಿಗೆ ದೂರವಾಣಿಯಲ್ಲಿ ಎಲ್ಲವನ್ನೂ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. "ನಾನು ಪ್ರೀತಿಯಿಂದಲೇ ಕೇಳುತ್ತಿದ್ದೆನಲ್ಲೋ" ಎಂದರು. ಅದು ನಿಜ. ನಾವು ಊರಿಗೆಲ್ಲ ಹೇಳಿಕೊಂಡದ್ದೂ ಪ್ರೀತಿಯಿಂದಲೇ. ಆದರೆ ನಮ್ಮ ಹೆಮ್ಮೆಯನ್ನು ಹೊರುವ ಕೂಲಿಯನ್ನು ಮಕ್ಕಳ ತಲೆಯಮೇಲೆ ಹಾಕಿದ್ದೇವೆಂಬುದು ನಮಗಿಬ್ಬರಿಗೂ ತಿಳಿದಿರಲಿಲ್ಲ. ಮನೆಯಿಂದ ದೂರ ಹೋದ ಮಗುವನ್ನು ಕೇಳಬೇಕಾದ ಮಾತುಗಳು ಬೇರೆ: ಊಟವಾಯಿತೆ? ರಾತ್ರಿ ನಿದ್ರೆ ಬಂದಿತೆ? ಯಾರೊಡನೆ ಮಾತಾಡಿದೆ? ಕೆಲಸ ಕೆಟ್ಟರೂ ಕೆಡಲಿ, ರಜಕ್ಕೆ ಮನೆಗೆ ಬಾ. ಇಷ್ಟು ಕೇಳಿದರೆ ಸಾಕು. ಉಳಿದುದನ್ನು ಮಗು ತಾನಾಗಿಯೇ ಹೇಳುವುದು. ಬೇಡವೆನಿಸಿದರೆ ನಡುವೆ ಬಿಟ್ಟುಬರಲೂ ದಾರಿಯಿದೆಯೆಂದು ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು. ಹೊರಬಾಗಿಲು ತೆರೆದಿದೆಯೆಂದು ತಿಳಿದವನು ಒಳಗೆ ಧೈರ್ಯವಾಗಿ ಕೂರುತ್ತಾನೆ.

ಹೊರಡುವ ವಿದ್ಯಾರ್ಥಿಗಳಿಗೂ ಒಂದೆರಡು ಮಾತು. ದಿನದ ಕೊನೆಯಲ್ಲಿ ಏನು ಸಿಕ್ಕಿತೆಂದು ಬರೆಯುವುದಕ್ಕಿಂತ ಏನು ಕಲಿತೆನೆಂದು ಬರೆದುಕೊಳ್ಳಿರಿ. ಆ ಪುಟವು ಯಾವ ದಿನವೂ ಖಾಲಿಯಾಗಿರುವುದಿಲ್ಲ. ಅರ್ಥವಾಗದುದನ್ನು ಮೊದಲ ವಾರದಲ್ಲಿಯೇ ಕೇಳಿರಿ. ಐದನೆಯ ವಾರದಲ್ಲಿ ಕೇಳಲು ನಾಚಿಕೆ ಹೆಚ್ಚು. ಸಭೆಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟು ಮರುದಿನ ಕೇಳಿರಿ. ವಾರಕ್ಕೊಂದು ದಿನ ಪ್ರಯೋಗಶಾಲೆಯ ಕಡೆ ತಲೆಹಾಕದೆ ಊರು ನೋಡಿರಿ. ನಿಮ್ಮಂತೆಯೇ ಬಂದ ಇನ್ನೊಬ್ಬರೊಡನೆ ನಿಮ್ಮ ಅಂಜಿಕೆಯನ್ನು ಹೇಳಿಕೊಂಡು ನೋಡಿರಿ. ಅವರೂ ಅದನ್ನೇ ಅಂಜುತ್ತಿದ್ದರೆಂದು ತಿಳಿದು ಆಶ್ಚರ್ಯಪಡುವಿರಿ.

ನಮ್ಮ ಹುಡುಗಿಗೆ ಏಳನೆಯ ವಾರದಲ್ಲಿ ಗೆರೆಯೊಂದು ಕಂಡಿತು. ಆದರೆ ಬೇಕಾದ ಜಾಗದಲ್ಲಿ ಅಲ್ಲ. ಪ್ರತಿಮಾಡಲು ಆರಂಭದ ಗುರುತಾಗಿ ಉಪಯೋಗಿಸುವ ಪ್ರೈಮರ್ ಎಂಬ ತುಣುಕುಗಳನ್ನು ಆರಿಸಿದ್ದರಲ್ಲಿಯೇ ದೋಷವಿತ್ತೆಂದೂ, ಅವು ಬೇರೊಂದು ಕಡೆಗೆ ಹೋಗಿ ಅಂಟಿಕೊಳ್ಳುತ್ತಿದ್ದುವೆಂದೂ ಕೊನೆಗೆ ತಿಳಿಯಿತು. ಅವುಗಳನ್ನು ಆರಿಸಿದವರು ಅವಳಲ್ಲ; ಅವಳು ಬರುವುದಕ್ಕೆ ಮುಂಚೆಯೇ ಆರಿಸಿದ್ದರು. ಎಂಟು ವಾರಗಳ ಕೊನೆಯಲ್ಲಿ ಅವಳು ಬರೆದ ವರದಿಯ ಸಾರಾಂಶವು ಇಷ್ಟೆ: ಈ ದಾರಿಯಿಂದ ಕೆಲಸವಾಗದು, ಏಕೆಂದರೆ ಇಂತಹ ಕಾರಣ. ಮುಂದೆ ಬರುವವರಿಗೆ ಆ ಒಂದು ವಾಕ್ಯದಿಂದ ಅನೇಕ ತಿಂಗಳುಗಳು ಉಳಿಯುವುವೆಂದು ಗುರುಗಳು ಹೇಳಿದರಂತೆ. ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಸಂಶೋಧನೆಯನ್ನೇ ಮುಂದುವರಿಸುವಳೋ ಇಲ್ಲವೋ ಇನ್ನೂ ನಿರ್ಧರಿಸಿಲ್ಲ; ಅವಸರವೇನೂ ಇಲ್ಲ.

ಆ ಕೊನೆಯ ವಾರಗಳಲ್ಲಿ ಅಣ್ಣನವರು ಪ್ರತಿ ಸಂಜೆಯೂ ದೂರವಾಣಿಯಲ್ಲಿ ಮಾತಾಡುವುದನ್ನು ಬಿಡಲಿಲ್ಲ. ಆದರೆ ಪ್ರಶ್ನೆಯನ್ನು ಬದಲಿಸಿದರು. "ಊಟವಾಯಿತೇನಮ್ಮ? ಇವತ್ತು ಏನು ಕೆಟ್ಟಿತು?" ಎಂದು ಕೇಳುವರು. ಅತ್ತಲಿಂದ ಹುಡುಗಿಯು ನಗುತ್ತ ದಿನದ ಕಥೆಯನ್ನೆಲ್ಲ ಹೇಳುವಳು.